ಹನ್ನೆರಡೂವರೆ ಸೆಂಟಿಮೀಟರ್

ಆ ಬೆಳಿಗ್ಗೆ ಅವಳು ನನ್ನ ಕೋಣೆಯ ಬಾಗಿಲವರೆಗೆ ಎರಡು ಸಲ ಬಂದು ಹಿಂದಿರುಗಿದ್ದನ್ನು ಗಮನಿಸಿದ್ದೆ. ಮೂರನೆಯ ಸಲ ಒಳಗೆ ಬಂದಳು. ಕೈಯಲ್ಲಿ ಒಂದೇ ಹಾಳೆ. ಅದನ್ನು ಮೇಜಿನ ಮೇಲೆ ಇಡುವ ಮೊದಲೇ "ನಾನೇ ತಪ್ಪು ತಿಳಿದಿರಬಹುದು" ಎಂದಳು. ಪಿಎಚ್‌ಡಿಗೆ ಸೇರಿ ಎರಡು ವರ್ಷವೂ ಆಗದ ವಿದ್ಯಾರ್ಥಿನಿ. ಇಪ್ಪತ್ತು ವರ್ಷ ಮಾರ್ಗದರ್ಶಕರ ಕುರ್ಚಿ ಸವೆಸಿದ ನನಗೆ ಈ ಪೀಠಿಕೆ ಹೊಸದಲ್ಲ. ಹೀಗೆ ಶುರು ಮಾಡುವವರು ಸಾಮಾನ್ಯವಾಗಿ ಸರಿಯಾಗಿಯೇ ತಿಳಿದಿರುತ್ತಾರೆ.

ಹಾಳೆಯಲ್ಲಿದ್ದದ್ದು ನಮ್ಮ ಪೌಷ್ಟಿಕತೆ ಸಮೀಕ್ಷೆಯ ಮಕ್ಕಳ ತೋಳಿನ ಸುತ್ತಳತೆಯ ನಕ್ಷೆ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿನ ಎಡತೋಳಿನ ನಡುಭಾಗಕ್ಕೆ ಟೇಪು ಸುತ್ತುತ್ತೇವೆ. 11.5 ಸೆಂ.ಮೀ.ಗಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ, ಟೇಪಿನ ಮೇಲೆ ಕೆಂಪು. ಅಲ್ಲಿಂದ 12.5ರ ಒಳಗಿದ್ದರೆ ಮಧ್ಯಮ, ಹಳದಿ. 12.5 ಮತ್ತು ಅದರಾಚೆ ಹಸಿರು. ಯಾವ ಅಳತೆಗೆ ಎಷ್ಟು ಮಕ್ಕಳು ಎಂದು ತೋರಿಸುವ ಆ ನಕ್ಷೆ ಗುಡ್ಡದಂತೆ ನಯವಾಗಿ ಏರಿ ಇಳಿಯಬೇಕಿತ್ತು. ನಮ್ಮದರಲ್ಲಿ 12.3, 12.4ರ ಬಳಿ ಹಳ್ಳ ಬಿದ್ದು, ಸರಿಯಾಗಿ 12.5ರಲ್ಲಿ ಒಂದು ಕಂಬ ಎದ್ದು ನಿಂತಿತ್ತು. ಅಪೌಷ್ಟಿಕತೆ ಇಳಿದಿದೆ ಎಂದು ಸಾರುವ ಕರಡು ವರದಿ ಆಗಲೇ ಸಿದ್ಧವಾಗಿತ್ತು. ಸಲ್ಲಿಸಲು ಒಂಬತ್ತು ದಿನ ಉಳಿದಿತ್ತು.

"ಯಾವ ತಂಡದ ಅಳತೆ ಇದು?" ಎಂದು ಕೇಳಿದೆ. ಅಂದರೆ, ಯಾರ ತಪ್ಪು ಎಂದು. ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ ಅದು ಎಂಬುದು ಈಗಲೂ ಚುಚ್ಚುತ್ತದೆ.

"ಮೂರೂ ತಂಡಗಳದ್ದು" ಎಂದು ಸುಮ್ಮನಾದಳು.

ಆ ಮೌನದಲ್ಲಿ ಏನಿತ್ತೆಂದು ಅವಳು ಹೋದ ಮೇಲೆ ಹೊಳೆಯಿತು. ಅಳೆಯುವವರನ್ನು ಕ್ಷೇತ್ರಕ್ಕೆ ಕಳಿಸುವ ಮುನ್ನ ಪ್ರತಿಯೊಬ್ಬರಿಂದಲೂ ಹತ್ತು ಮಕ್ಕಳನ್ನು ಎರಡೆರಡು ಸಲ ಅಳೆಸಿ, ಎರಡು ಅಳತೆಗಳ ಅಂತರ ನೋಡುವ ಪರೀಕ್ಷೆಯೊಂದಿದೆ. ಬೇಸರದ ಕೆಲಸ. ಮಕ್ಕಳು ಅಳುತ್ತಾರೆ, ಅರ್ಧ ದಿನ ಹೋಗುತ್ತದೆ. "ಎಲ್ಲರೂ ಅನುಭವಿಗಳೇ, ಈ ಸಲ ಬೇಡ" ಎಂದು ಇಮೇಲ್ ಬರೆದವರು ಯಾರೂ ಅಲ್ಲ, ನಾನೇ. ಅದರ ಪ್ರತಿ ಅವಳಿಗೂ ಹೋಗಿತ್ತು.

ಹೊಸ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ನಾನು ಬ್ರಿಟನ್ನಿನ ಪೌಷ್ಟಿಕತಾ ವಿಜ್ಞಾನಿ ಎಲ್ಸಿ ವಿಡೋಸನ್ ಕಥೆ ಹೇಳುತ್ತೇನೆ. 1933ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಆಕೆಗೆ ಹಿರಿಯ ಸಂಶೋಧಕ ರಾಬರ್ಟ್ ಮೆಕ್ಯಾನ್ಸ್ ಭೇಟಿಯಾದರು. ಹಣ್ಣಿನ ಸಕ್ಕರೆಯ ಬಗ್ಗೆ ಅವರು ಕೊಟ್ಟಿದ್ದ ಅಂಕಿಗಳು ಕಡಿಮೆಯಾಗಿವೆ, ಆಮ್ಲದಲ್ಲಿ ಕುದಿಸುವಾಗ ಫ್ರಕ್ಟೋಸ್ ಎಂಬ ಸಕ್ಕರೆ ಒಂದಿಷ್ಟು ನಾಶವಾಗಿರುತ್ತದೆ ಎಂದು ಆ ತರುಣಿ ನೇರವಾಗಿ ಹೇಳಿದರು. ಮೆಕ್ಯಾನ್ಸ್ ಮುನಿಸಿಕೊಳ್ಳಲಿಲ್ಲ. ಆ ಅಂಕಿಗಳನ್ನು ತಿದ್ದಲು ಆಕೆಗೇ ಅನುದಾನ ಕೊಡಿಸಿದರು. ಇಬ್ಬರೂ ಅರವತ್ತು ವರ್ಷ ಜೊತೆಯಾಗಿ ದುಡಿದರು. ಈ ಕಥೆ ಹೇಳುವಾಗ ನಾನು ಸದಾ ಮೆಕ್ಯಾನ್ಸ್ ಪಕ್ಕದಲ್ಲೇ ನಿಂತಿರುತ್ತಿದ್ದೆ. ಹಾಗೆ ನಿಲ್ಲುವುದು ಸುಲಭ, ಅಂಕಿಗಳು ಬೇರೆಯವರವು.

ಮಧ್ಯಾಹ್ನವೇ ಅವಳನ್ನು ಕರೆದು, ಬಿಟ್ಟುಹೋದ ಪರೀಕ್ಷೆಯನ್ನು ಈಗಲಾದರೂ ಮಾಡೋಣ, ನೀನೇ ನಡೆಸು ಎಂದೆ. ಎರಡು ದಿನದಲ್ಲಿ ಶಿಶುಪಾಲನಾ ಕೇಂದ್ರವೊಂದರಲ್ಲಿ ಪೋಷಕರ ಒಪ್ಪಿಗೆ ಪಡೆದು ಹತ್ತು ಮಕ್ಕಳನ್ನು ಕೂರಿಸಿದಳು. ಅಳೆಯುವವರ ಸಾಲಿನಲ್ಲಿ ಕೊನೆಗೆ ನಾನೂ ನಿಂತೆ. ಟೇಪು ಹಿಡಿದು ಎಷ್ಟು ವರ್ಷವಾಗಿತ್ತೋ! ಅನುದಾನದ ಅರ್ಜಿ, ಸಮಿತಿ, ಸಹಿ ಇವುಗಳಲ್ಲೇ ಕೈ ಸವೆದಿತ್ತು. ಮೊಣಕೈ ಮಡಿಸಿ, ಭುಜದ ತುದಿಯಿಂದ ಮೊಣಕೈ ತುದಿಯವರೆಗಿನ ನಡುವನ್ನು ಪೆನ್ನಿನಿಂದ ಗುರುತಿಸಿ, ತೋಳನ್ನು ಸಡಿಲವಾಗಿ ಇಳಿಬಿಡಿಸಿದೆ. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ಮೂರನೆಯ ಮಗುವಿನ ತೋಳು ನನ್ನ ಕೈಯಲ್ಲಿ ಮೊದಲ ಸಲ 13.1 ಬಂತು, ಎರಡನೆಯ ಸಲ 13.6. ಐದು ಮಿಲಿಮೀಟರ್ ವ್ಯತ್ಯಾಸ. ಅವಳು ತಲೆ ಎತ್ತದೆ ಎರಡನ್ನೂ ಬರೆದುಕೊಂಡಳು. ಮಗು ನನ್ನ ಕನ್ನಡಕಕ್ಕೆ ಕೈಹಾಕಿ ನಗುತ್ತಿತ್ತು.

12.5ರ ಕಂಬದ ಗುಟ್ಟು ಅಲ್ಲಿಯೇ, ವಿರಾಮದ ಹೊತ್ತಿನಲ್ಲಿ ಹೊರಬಿತ್ತು. ಹಿರಿಯ ಕಾರ್ಯಕರ್ತೆಯೊಬ್ಬರು ತಾವಾಗಿ ಹೇಳಿದರು: "ಹಳದಿ ಬಂದರೆ ತಾಯಿಗೆ ಹೇಳಬೇಕಲ್ಲ. ಆಕೆಯ ಮುಖ ಬಾಡುತ್ತದೆ. ಒಂದೆರಡು ಮಿಲಿಮೀಟರಿಗೆ ಯಾಕೆ ಹೆದರಿಸುವುದು ಅಂತ ಹನ್ನೆರಡೂವರೆ ಬರೆದುಬಿಡುತ್ತೇವೆ." ಸೋಮಾರಿತನ ಎಂದುಕೊಂಡಿದ್ದೆ, ಕರುಣೆ ಎಂದು ನನಗೆ ತೋಚಿರಲೇ ಇಲ್ಲ. ಆದರೆ ಆ ಕರುಣೆಯಿಂದಲೇ, ಪೂರಕ ಆಹಾರಕ್ಕೆ ಕಳಿಸಬೇಕಾದ ಮಕ್ಕಳು ಪಟ್ಟಿಯಿಂದ ಜಾರಿಹೋಗಿದ್ದರು. ತಾಯಿಗೆ ಆ ಮಾತನ್ನು ಹೇಗೆ ಹೇಳಬೇಕು ಎಂಬುದರ ಬಗ್ಗೆ ನಮ್ಮ ತರಬೇತಿಯಲ್ಲಿ ಒಂದು ಪುಟವೂ ಇರಲಿಲ್ಲ.

ಅನುದಾನ ಕೊಟ್ಟವರಿಗೆ ಕಾಲಾವಕಾಶ ಕೋರಿ ಪತ್ರ ಬರೆದೆ. ಪರೀಕ್ಷೆ ಕೈಬಿಟ್ಟದ್ದು ನನ್ನ ತೀರ್ಮಾನ ಎಂಬ ವಾಕ್ಯವನ್ನು ಮೂರು ಸಲ ಅಳಿಸಿ, ನಾಲ್ಕನೆಯ ಸಲ ಹಾಗೆಯೇ ಬಿಟ್ಟೆ. 12.5 ದಾಖಲಾಗಿದ್ದ ಮಕ್ಕಳನ್ನೆಲ್ಲ ಮತ್ತೆ ಅಳೆಯುವ ಯೋಜನೆ ಅವಳದೇ.

ಮರುವಾರ ಮರುತರಬೇತಿಗೆ ಬರಬೇಕಾದವರ ಪಟ್ಟಿಯನ್ನು ಅವಳು ಸೂಚನಾ ಫಲಕಕ್ಕೆ ಅಂಟಿಸಿದ್ದಳು. ನಾಲ್ಕು ಹೆಸರುಗಳಿದ್ದವು, ಕೊನೆಯದು ನನ್ನದು. ಎದುರಿಗೆ ಬರೆದಿತ್ತು: ಗುರುವಾರ, ಹತ್ತು ಗಂಟೆಗೆ, ಓದುವ ಕನ್ನಡಕ ತರುವುದು.