ಟೋಡಾ ಏಣಿ: ದೊಡ್ಡ ಪಲ್ಸ್ ಕೊನೆಗೂ ಚಿಕ್ಕದನ್ನು ದಾಟಿತು

ದಾಟಿತು! ನನ್ನ ಸರ್ಕ್ಯೂಟಿನಲ್ಲಿ ದೊಡ್ಡ ಪಲ್ಸ್ (ವೋಲ್ಟೇಜಿನ ಒಂಟಿ ಅಲೆ) ಚಿಕ್ಕದನ್ನು ಹಿಂದಿನಿಂದ ಬಂದು ಹಿಡಿದು, ದಾಟಿ ಮುಂದೆ ಹೋಯಿತು. ಎರಡರ ಆಕಾರವೂ ಕೆಡಲಿಲ್ಲ. ಆಕಾರ ಕೆಡದೆ ಓಡುವ, ಇನ್ನೊಂದನ್ನು ದಾಟಿದರೂ ಹಾಗೇ ಉಳಿಯುವ ಅಲೆ, ಸಾಲಿಟಾನ್ ಅಂದರೆ ಇದೇ ಅಲ್ವಾ!

1967ರಲ್ಲಿ ಜಪಾನಿನ ಭೌತವಿಜ್ಞಾನಿ ಮೊರಿಕಾಜು ಟೋಡಾ ಹರಳಿನ ಕಣಗಳ ಸಾಲನ್ನು ಮನಸ್ಸಿನಲ್ಲಿಟ್ಟು ಬರೆದ ಸಮೀಕರಣವನ್ನು ನಾನು 60 ಮೆಟ್ಟಿಲಿನ ಇಂಡಕ್ಟರ್-ವ್ಯಾರಿಕ್ಯಾಪ್ ಏಣಿಯಲ್ಲಿ ಓಡಿಸುತ್ತಿದ್ದೇನೆ: ಪ್ರತಿ ಮೆಟ್ಟಿಲಿಗೆ ಒಂದು ಇಂಡಕ್ಟರ್ (ತಂತಿಯ ಸುರುಳಿ), ಒಂದು ವ್ಯಾರಿಕ್ಯಾಪ್ (ವೋಲ್ಟೇಜ್ ಜೊತೆ ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿಯುವ ಶಕ್ತಿ, ಬದಲಾಗುವ ಡಯೋಡ್). ಇದೇ ಸಮೀಕರಣವನ್ನು ಇಂಥ ಸರ್ಕ್ಯೂಟಿನಲ್ಲಿ ಓಡಿಸಿದ ಹಿರೋಟಾ ಮತ್ತು ಸುಜುಕಿ ಹಿಡಿದ ದಾರಿಯೇ ಇದು. ವೋಲ್ಟೇಜ್ ಏರಿದರೆ ಡಯೋಡಿನ ಕೆಪಾಸಿಟೆನ್ಸ್ ಇಳಿಯುತ್ತದೆ. ಹಾಗಾಗಿ ಎತ್ತರದ ಪಲ್ಸ್‌ಗೆ ವೇಗ ಜಾಸ್ತಿ.

ಜೀವ ತಿಂದಿದ್ದು ಇಂಡಕ್ಟರ್. ದೊಡ್ಡ ಪಲ್ಸ್ ಚಿಕ್ಕದರ ಹತ್ತಿರ ಬರುವಷ್ಟರಲ್ಲೇ ಕುಗ್ಗಿ ಅದರಷ್ಟೇ ಆಗುತ್ತಿತ್ತು. ಎತ್ತರ ಹೋದ ಮೇಲೆ ವೇಗವೂ ಹೋಯಿತು, ಇನ್ನು ದಾಟುವುದೆಲ್ಲಿ? ಡಯೋಡ್ ಮೇಲೆ ಅನುಮಾನ ಬಂತು, ಅಳೆದೆ, ಸರಿ ಇದ್ದವು. ಆಮೇಲೆ 10 ಮೈಕ್ರೋಹೆನ್ರಿ ಇಂಡಕ್ಟರ್‌ಗಳನ್ನು ಒಂದೊಂದಾಗಿ ಮೀಟರ್‌ಗೆ ಹಾಕಿದೆ. ಅಂಗಡಿಯವರು ಕೊಟ್ಟ ಶೀಟಿನಲ್ಲಿ ರೆಸಿಸ್ಟೆನ್ಸ್ 1 ಓಮ್‌ಗಿಂತ ಕಡಿಮೆ. ಮೀಟರ್‌ನಲ್ಲಿ 6! ಅಂಥವು 60 ಸೇರಿದರೆ 360 ಓಮ್. ಸಾಲಿನ ಇಂಪೀಡೆನ್ಸ್ (ಓಡುವ ಪಲ್ಸ್‌ಗೆ ಸಾಲು ಒಡ್ಡುವ ತಡೆ) ಇರುವುದೇ 180 ಓಮ್‌ನ ಆಸುಪಾಸು. ಆ ತುದಿಗೆ ಪಲ್ಸ್ ಎತ್ತರದ ಮೂರರಲ್ಲೊಂದು ಪಾಲು ಉಳಿದರೆ ಹೆಚ್ಚು. ಫೋನ್ ಮಾಡಿದರೆ 'ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ ಸಾರ್' ಅನ್ನುವ ಉತ್ತರ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಕೊನೆಗೆ ಟಿ50-2 ಕೆಂಪು ಟೊರಾಯ್ಡ್ (ತಂತಿ ಸುತ್ತುವ ಬಳೆಯಾಕಾರದ ಕೋರ್) ತಂದು ನಾನೇ ಸುತ್ತಿದೆ, ಒಂದಕ್ಕೆ 45 ಸುತ್ತು. ಬೆರಳ ತುದಿಯಲ್ಲಿ ಎನಾಮಲ್ ತಂತಿಯ ಗೆರೆ ಇನ್ನೂ ಇದೆ. ಆದರೆ ಫಲ ನೋಡಿ: 10ನೇ ಮೆಟ್ಟಿಲಿನಲ್ಲಿ ಚಿಕ್ಕದು ಮುಂದೆ, 50ರಲ್ಲಿ ದೊಡ್ಡದು ಮುಂದೆ. ನಡುವೆ ಎರಡೂ ಒಂದಾಗುವ ಕಡೆ ಪ್ರೋಬ್ ಇಟ್ಟರೆ ಎತ್ತರಗಳು ಕೂಡಿಕೊಳ್ಳುವುದಿಲ್ಲ. ಶಿಖರ ದೊಡ್ಡ ಪಲ್ಸ್‌ಗಿಂತಲೂ ಕೆಳಗೆ ನಿಲ್ಲುತ್ತದೆ! ದಾಟಿದ ಮೇಲೆ ದೊಡ್ಡದು ಒಂಟಿಯಾಗಿ ಓಡಿದಾಗ ಇರಬೇಕಿದ್ದ ಜಾಗಕ್ಕಿಂತ ತುಸು ಮುಂದಿರುತ್ತದೆ, ಚಿಕ್ಕದು ತುಸು ಹಿಂದೆ. ಸಮೀಕರಣ ಹೇಳುವುದೂ ಇದನ್ನೇ.

ತುದಿಯಿಂದ ಸಣ್ಣ ಪ್ರತಿಫಲನ ಇನ್ನೂ ಬರುತ್ತಿದೆ. ಇಂಪೀಡೆನ್ಸೇ ವೋಲ್ಟೇಜ್ ಜೊತೆ ಬದಲಾಗುವಾಗ ತುದಿಗೆ ಹಾಕುವ ಒಂದೇ ರೆಸಿಸ್ಟರ್ ಎಲ್ಲ ಎತ್ತರಕ್ಕೂ ಹೊಂದುವುದು ಕಷ್ಟ.

ಮುಂದಿನದು ಸೈನ್-ಗಾರ್ಡನ್ (ಸಾಲಿಟಾನ್ ಕೊಡುವ ಇನ್ನೊಂದು ಸಮೀಕರಣ) ಲೋಲಕಗಳ ಸಾಲು. ರಬ್ಬರ್ ಪಟ್ಟಿಗೆ ಗುಂಡುಸೂಜಿ ಸಾಲಾಗಿ ಚುಚ್ಚಿ, ಒಂದು ತುದಿಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ಆ ತಿರುವು ಸಾಲಿನುದ್ದಕ್ಕೂ ಓಡುತ್ತದೆ. ಬೇಗ ಸಡಿಲವಾಗದ ರಬ್ಬರ್ ಪಟ್ಟಿ ಎಲ್ಲಿ ಸಿಗುತ್ತೆ ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಇಂಡಕ್ಟರ್ ಕೊಟ್ಟ ಅಂಗಡಿ ಬಿಟ್ಟು.