ಠೇವಣಿ ಮೇಷ್ಟ್ರು

ಪಕ್ಕದ ಮನೆಯ ಕಿಟಕಿಯಲ್ಲಿ ವಾರವಿಡೀ ಒಂದು ಹಾಳೆ ಅಂಟಿಕೊಂಡಿತ್ತು. ನೀಲಿ ಶಾಯಿಯಲ್ಲಿ ದಪ್ಪಕ್ಷರದಲ್ಲಿ ಬರೆದದ್ದು: ‘ನನಗೆ ಮತ ಕೊಟ್ಟ 612 ಮಂದಿಗೆ ಧನ್ಯವಾದ.’

ಆಕೆ ನಿವೃತ್ತ ನರ್ಸ್. ನಮ್ಮ ಬೀದಿಗೆ ಬರುತ್ತಿದ್ದ ಬಸ್ ನಿಂತುಹೋದ ಸಿಟ್ಟಿಗೆ, 2024ರ ಜುಲೈ 4ರ ಬ್ರಿಟಿಷ್ ಸಂಸತ್ ಚುನಾವಣೆಗೆ ಪಕ್ಷೇತರರಾಗಿ ನಿಂತರು. ಠೇವಣಿ 500 ಪೌಂಡ್. ಸಿಂಧು ಮತಗಳಲ್ಲಿ ಶೇ 5ಕ್ಕಿಂತ ಹೆಚ್ಚು ಬಂದರೆ ವಾಪಸ್, ಇಲ್ಲವಾದರೆ ಖಜಾನೆಗೆ. ಬರಲಿಲ್ಲ. ಕಾಮನ್‌ವೆಲ್ತ್ ದೇಶದವಳೆಂದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ಮತ ಹಾಕುವ ನಾನೂ ಆ 612ರಲ್ಲಿ ಒಬ್ಬಳು.

ಊರಿಗೆ ಫೋನ್ ಮಾಡಿದಾಗ ಅಣ್ಣನಿಗೆ ಹೇಳಿದೆ. ‘ಅಯ್ಯೋ, ಠೇವಣಿಯೂ ಹೋಯಿತೇ!’ ಎಂದು ಜೋರಾಗಿ ನಕ್ಕ. ಊಟಕ್ಕೆ ಕುಳಿತಿದ್ದ ಮಗಳು ಕೇಳಿದಳು: ‘ಅಜ್ಜಿಯ ದುಡ್ಡು ಹೋದರೆ ಮಾವ ಯಾಕಮ್ಮ ನಗುತ್ತಾರೆ?’

ತುತ್ತು ಗಂಟಲಲ್ಲೇ ನಿಂತಿತು. ನೆನಪಾದದ್ದು ನಮ್ಮ ಮೇಷ್ಟ್ರು. ನಿವೃತ್ತರಾದ ಮೇಲೆ, ಕೆರೆಯ ಹೂಳು ತೆಗೆಸಬೇಕೆಂದು 1989ರ ವಿಧಾನಸಭಾ ಚುನಾವಣೆಗೆ 250 ರೂಪಾಯಿ ಠೇವಣಿ ಕಟ್ಟಿ ನಿಂತಿದ್ದರು. ಸೈಕಲ್ಲಿನ ಹ್ಯಾಂಡಲ್‌ಗೆ ರಟ್ಟಿನ ಫಲಕ ಬಿಗಿದು, ಪಂಚೆಯ ಅಂಚು ಚೈನಿಗೆ ಸಿಗದಂತೆ ಎತ್ತಿ ಕಟ್ಟಿ, ಹಳ್ಳಿ ಹಳ್ಳಿ ಸುತ್ತಿದರು. ಠೇವಣಿ ಉಳಿಯಲು ಸಿಂಧು ಮತಗಳಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಬೇಕು. ಅಷ್ಟು ಎಲ್ಲಿಂದ ಬರಬೇಕು? ಅಂದಿನಿಂದ ಅವರು ‘ಠೇವಣಿ ಮೇಷ್ಟ್ರು’. ಸಂತೆಯಲ್ಲಿ ಬೆನ್ನ ಹಿಂದೆ ಹಾಗೆ ಕೂಗಿ ಓಡಿದ ಮಕ್ಕಳಲ್ಲಿ ನಾನೂ ಇದ್ದೆ.

ಠೇವಣಿಯೇ ಬೇಡವೆನ್ನುತ್ತಿಲ್ಲ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರವೊಂದರಲ್ಲೇ 456 ಅಭ್ಯರ್ಥಿಗಳಿದ್ದರು. ಆ ಚುನಾವಣೆಯ ಬಳಿಕ ಲೋಕಸಭೆಯ ಠೇವಣಿ 500ರಿಂದ 10,000 ರೂಪಾಯಿಗೆ ಏರಿತು. ಈಗ 25,000, ವಿಧಾನಸಭೆಗೆ 10,000, ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಆದರೆ 1918ರಲ್ಲಿ ಠೇವಣಿ ತಂದ ಬ್ರಿಟನ್, 1985ರಲ್ಲಿ ಹಣವನ್ನು ಏರಿಸಿದರೂ ಎಂಟನೇ ಒಂದು ಎಂಬ ಮಿತಿಯನ್ನು ಶೇ 5ಕ್ಕೆ ಇಳಿಸಿತು. ನಾವು ಆರನೇ ಒಂದನ್ನು ಬಿಟ್ಟಿಲ್ಲ. ಆ ನಗುವನ್ನೂ ಬಿಟ್ಟಿಲ್ಲ. 2023ರಲ್ಲಿ ಯಾದಗಿರಿಯ ಪಕ್ಷೇತರ ಅಭ್ಯರ್ಥಿಯೊಬ್ಬರು ಮತದಾರರಿಂದ ಕೂಡಿಸಿದ ಒಂದೊಂದೇ ರೂಪಾಯಿಯ ನಾಣ್ಯಗಳಲ್ಲಿ ಹತ್ತು ಸಾವಿರ ಕಟ್ಟಿದಾಗ, ನಮ್ಮ ಮನೆಯಲ್ಲಿ ಅದೂ ತಮಾಷೆಯ ಸುದ್ದಿಯೇ ಆಗಿತ್ತು.

ರಾತ್ರಿ ಅಣ್ಣನಿಗೆ ಮತ್ತೆ ಫೋನ್ ಮಾಡಿ ಮೇಷ್ಟ್ರ ಮಗನ ನಂಬರ್ ಕೇಳಿದೆ.

‘ಈಗ ಯಾಕೆ?’ ಎಂದ.

ಮೇಷ್ಟ್ರಿಗೆ ಅಂದು ಎಷ್ಟು ಮತ ಬಿದ್ದಿತ್ತು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.