ಒಂದು ಸೊನ್ನೆ ಜಾಸ್ತಿ

ಗದಗಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆ ಹ್ಯಾಂಡ್‌ಬಿಲ್ಲು, ನಡುನಡುವೆ ಒಂದೊಂದು ಪುಸ್ತಕ. ಹದಿನಾಲ್ಕು ವರ್ಷದಲ್ಲಿ ಕಾಗುಣಿತದ ತಪ್ಪು ಎಷ್ಟು ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಬೇಕಂತಲೇ ಮಾಡಿದ್ದು ಮಾತ್ರ ಒಂದೇ.

ರಿಟೈರ್ ಆದ ಮಾಸ್ತರರೊಬ್ಬರು ಮಕ್ಕಳಿಗಾಗಿ ಕಡಲಹಕ್ಕಿಗಳ ಮೇಲೆ ಸಣ್ಣ ಪುಸ್ತಕ ಬರೆದು ತಂದಿದ್ದರು. ಅದರಲ್ಲಿ ವಿಲ್ಸನ್ ಸ್ಟಾರ್ಮ್ ಪೆಟ್ರೆಲ್ ಅನ್ನೋ ಹಕ್ಕಿಗೇ ನಾಲ್ಕು ಪುಟ. ಕಪ್ಪು ಮೈ, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ನೀರಿನ ಮೇಲೆ ಕಾಲು ಬಡಿಯುತ್ತಾ, ನಡೆದಾಡಿದ ಹಾಗೆ ಹಾರುತ್ತಾ ಸಣ್ಣ ಜೀವಿಗಳನ್ನು ಹೆಕ್ಕುತ್ತದೆ. ಮರಿ ಮಾಡೋದು ಅಂಟಾರ್ಕ್ಟಿಕಾದ ತೀರದಲ್ಲಿ, ಸುತ್ತಲಿನ ದ್ವೀಪಗಳಲ್ಲಿ. ನಮ್ಮ ಮಳೆಗಾಲದ ಹೊತ್ತಿಗೆ ಅರಬ್ಬಿ ಸಮುದ್ರದವರೆಗೂ ಬರುತ್ತದೆ. ತೂಕ ಸುಮಾರು 35 ಗ್ರಾಂ.

ಆ ತೂಕ ನನ್ನ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಚಿಕ್ಕಂದಿನಿಂದ ನೋಡಿದವನು ನಾನು. ಎರಡು ಮೂರು ಕಿಲೋ ತೂಗುವ ಹಕ್ಕಿ. ಹಿಮಾಲಯ ದಾಟಿ ಬರಬೇಕಂದರೆ ಅಷ್ಟು ಮೈ ಬೇಕೇ ಬೇಕಲ್ವಾ? ಮಾಸ್ತರರು ಒಂದು ಸೊನ್ನೆ ಬಿಟ್ಟಿದ್ದಾರೆ ಅಂದುಕೊಂಡೆ. ಅವರು ಪ್ರೂಫ್ ನೋಡಿ ಸಹಿ ಹಾಕಿ ಆಗಿತ್ತು. ಪ್ಲೇಟಿಗೆ ಕಳಿಸುವ ಮುಂಚೆ 350 ಮಾಡಿದೆ. ಉಪಕಾರ ಮಾಡಿದ ಖುಷಿ ಬೇರೆ.

ಐನೂರು ಪ್ರತಿ ಪಿನ್ ಹೊಡೆದು ಕಟ್ಟಿದ ಮೇಲೆ ಅವರು ಬಂದರು. ಪುಟ ತೆರೆದು ಕನ್ನಡಕ ಮೇಲೆತ್ತಿದರು. "ಈ ಸೊನ್ನಿ ಎಲ್ಲಿಂದ ಬಂತ್ರೀ?"

ಹೇಳಿದೆ. ಬೈಯಲಿಲ್ಲ. "ನಿಮ್ಮ ಹಾಳಿ ಎಷ್ಟು ಆದ್ರ 35 ಗ್ರಾಂ ಆಗ್ತದ, ಲೆಕ್ಕಾ ಹಾಕ್ರಿ" ಅಂದರು. 70 ಜಿಎಸ್‌ಎಂ ಕಾಗದ, ಅಂದರೆ ಚದರ ಮೀಟರಿಗೆ 70 ಗ್ರಾಂ. ಒಂದು ಚದರ ಮೀಟರಿಗೆ ಹದಿನಾರು ಎ4. ಹಾಗಾದರೆ ಎಂಟು ಹಾಳೆ. ಎಣಿಸಿ ನನ್ನ ಅಂಗೈ ಮೇಲೆ ಇಟ್ಟರು. ಫ್ಯಾನಿನ ಗಾಳಿಗೆ ಮೇಲಿನ ಹಾಳೆ ಹಾರಿಹೋಯಿತು.

ಹೆಬ್ಬಾತಿನ ಲೆಕ್ಕ ಇದಕ್ಕೆ ಹೊಂದಲ್ಲ ಅಂತ ಆಮೇಲೆ ಬಿಡಿಸಿ ಹೇಳಿದರು. ಇದಕ್ಕೆ ಸಮುದ್ರವೇ ಮನೆ. ದಾರಿಯುದ್ದಕ್ಕೂ ತಿನ್ನುತ್ತಾ ಬರುತ್ತದೆ. ನೆಲಕ್ಕೆ ಬರೋದು ಮರಿ ಮಾಡೋಕೆ ಮಾತ್ರ. ಕಲ್ಲಿನ ಸಂದಿಯಲ್ಲೋ ಬಿಲದಲ್ಲೋ ಒಂದೇ ಒಂದು ಬಿಳಿ ಮೊಟ್ಟೆ. ಸ್ಕುವಾದಂಥ ದೊಡ್ಡ ಹಕ್ಕಿ ಹಿಡಿದು ತಿಂದಾವೆಂದು ಕತ್ತಲಾದ ಮೇಲೇ ಗೂಡಿಗೆ ಹೋಗುತ್ತದೆ. ಹಿಮ ಬಿದ್ದು ಬಿಲದ ಬಾಯಿ ಮುಚ್ಚಿದರೆ ಮರಿ ಒಳಗೇ ಸಾಯುತ್ತದೆ.

ಇಲಿಗಳ ಕಾಟ ಇನ್ನೂ ಕೆಟ್ಟದ್ದು. ಈ ಹಕ್ಕಿ ಮರಿ ಮಾಡುವ, ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪಕ್ಕೆ ಸೀಲ್, ತಿಮಿಂಗಿಲ ಬೇಟೆಯವರ ಹಡಗಿನಲ್ಲಿ ಇಲಿ ಬಂದವು. ಬಿಲದ ಮೊಟ್ಟೆ, ಮರಿ ಎರಡನ್ನೂ ತಿಂದವು. 2011ರಿಂದ 2015ರವರೆಗೆ ಮೂರು ಹಂತದಲ್ಲಿ ಹೆಲಿಕಾಪ್ಟರಿನಿಂದ ಇಲಿ ಪಾಷಾಣ ಚೆಲ್ಲಿದರು. ಆಮೇಲೆ ಮೂಸುವ ನಾಯಿಗಳನ್ನು ಬಿಟ್ಟು ಮೂಲೆಮೂಲೆ ಹುಡುಕಿ, 2018ರಲ್ಲಿ ಒಂದೂ ಇಲಿ ಇಲ್ಲ ಅಂತ ಘೋಷಿಸಿದರು. ಇದೂ ಅದೇ ನಾಲ್ಕು ಪುಟದಲ್ಲಿ ಇತ್ತು. ನಾನೇ ಟೈಪ್ ಮಾಡಿದ್ದು! ಬೆರಳು ಓದಿತ್ತು, ತಲೆ ಓದಿರಲಿಲ್ಲ.

ಮರುಮುದ್ರಣಕ್ಕೆ ಮಾಲಕರು ಒಪ್ಪಲಿಲ್ಲ. ಎರಡು ದಿನ ಕೂತು ಬ್ಲೇಡಿನಿಂದ ಐನೂರು ಸೊನ್ನೆ ಕೆರೆದೆ. ಮಾಸ್ತರರೂ ಒಂದು ಮಧ್ಯಾಹ್ನ ಬಂದು ಅದರಲ್ಲಿ ನೂರು ಕೆರೆದರು. ನನಗಿಂತ ನೀಟಾಗಿತ್ತು ಅವರ ಕೆಲಸ.

ಈಗ ಪ್ರತಿಯಲ್ಲಿ ಅನುಮಾನ ಬಂದರೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಫೋನ್ ಮಾಡುತ್ತೇನೆ. ಹೋದ ತಿಂಗಳು ಒಂದು ಲಗ್ನಪತ್ರಿಕೆಯಲ್ಲಿ ಮುಹೂರ್ತ ನಸುಕಿನ 3.10 ಅಂತ ಇತ್ತು. ಮಧ್ಯಾಹ್ನದ್ದು ಇರಬೇಕು ಅನ್ನಿಸಿ ಕೇಳಿದೆ. ನಸುಕಿನದೇ ಅಂದರು. ಹಾಗೇ ಅಚ್ಚು ಹಾಕಿದೆ. ಅಷ್ಟು ಹೊತ್ತಿಗೆ ಅಕ್ಕಿಕಾಳಿಗೆ ಯಾರು ಬರ್ತಾರ್ರೀ ಅಂತ ಮಾತ್ರ ಕೇಳಲಿಲ್ಲ.